ಟೈಲ್‌ವೀಲ್ ವಿಮಾನ ಇಳಿಸುವಾಗ ಮೂತಿ ನೇರವಾಗಿಡುವುದು ಹೇಗೆ

ಪೈಪರ್ ಕಬ್, ಸೆಸ್ನಾ 140, ಸಿಟಾಬ್ರಿಯಾ, ನಮ್ಮ ಎಚ್‌ಎಎಲ್ ಪುಷ್ಪಕ್ ಇವೆಲ್ಲ ಟೈಲ್‌ವೀಲ್, ಅಂದರೆ ಬಾಲದಡಿ ಚಕ್ರವಿರುವ ವಿಮಾನಗಳು. ಗಾಳಿಯಲ್ಲಿರುವಾಗ ಸಾಧು. ಚಕ್ರ ನೆಲಕ್ಕೆ ತಾಗಿದ ಮೇಲೆ ಅವುಗಳ ಸ್ವಭಾವವೇ ಬೇರೆ. ಮೂತಿ ಒಂದು ಪಕ್ಕಕ್ಕೆ ಚೂರು ತಿರುಗಿ, ಪೈಲಟ್ಟಿನ ಕಾಲು ಪೆಡಲ್ ಒತ್ತಿ ಅದನ್ನು ತಡೆಯದೆ ಹೋದರೆ ಆ ತಿರುವು ತಾನಾಗಿಯೇ ಹೆಚ್ಚುತ್ತಾ ಹೋಗುತ್ತದೆ. ಕೆಲವೇ ಸೆಕೆಂಡಿನಲ್ಲಿ ಬಾಲ ಸುತ್ತಿಕೊಂಡು ಮುಂದೆ ಬರುತ್ತದೆ, ಹೊರಗಡೆಯ ರೆಕ್ಕೆಯ ತುದಿ ನೆಲಕ್ಕೆ ಉಜ್ಜುತ್ತದೆ, ಕೆಲವೊಮ್ಮೆ ಲ್ಯಾಂಡಿಂಗ್ ಗೇರಿನ ಕಾಲೇ ಮಡಚಿಕೊಳ್ಳುತ್ತದೆ. ಇದೇ ಗ್ರೌಂಡ್ ಲೂಪ್. ಪ್ರಾಣಕ್ಕೆ ಅಪಾಯ ಕಡಿಮೆ. ವಿಮಾನಕ್ಕೆ ಮಾತ್ರ ದೊಡ್ಡ ಪೆಟ್ಟು.

ಬೆಂಗಳೂರಿನಲ್ಲಿ ಎಚ್‌ಎಎಲ್ ಕಟ್ಟಿದ ಎಚ್‌ಟಿ-2 (1951) ಮತ್ತು ಪುಷ್ಪಕ್ (1958) ಎರಡೂ ಬಾಲದಡಿ ಚಕ್ರವಿರುವ ವಿಮಾನಗಳೇ. ಅವುಗಳಲ್ಲಿ ಕಲಿತ ಪೈಲಟ್‌ಗಳಿಗೆ ಈ ಕಾಲಿನ ಕೆಲಸ ಮೊದಲ ಪಾಠವಾಗಿತ್ತು. ಈಗ ಹೆಚ್ಚಿನವರು ಕಲಿಯುವುದು ಸೆಸ್ನಾ 152, 172ರಂಥ ಮೂತಿಚಕ್ರದ ವಿಮಾನಗಳಲ್ಲಿ. ನಲವತ್ತು ಐವತ್ತು ಗಂಟೆ ಅವುಗಳಲ್ಲಿ ಹಾರಿ ಆಮೇಲೆ ಟೈಲ್‌ವೀಲ್‌ಗೆ ಬರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಬರೆದಿದೆ. ಪಕ್ಕದಲ್ಲಿ ಟೈಲ್‌ವೀಲ್ ಬಲ್ಲ ಇನ್‌ಸ್ಟ್ರಕ್ಟರ್ ಇಲ್ಲದೆ ಇದರಲ್ಲಿ ಯಾವುದನ್ನೂ ಮಾಡಿ ನೋಡಬೇಡಿ.

ಮೂತಿ ಯಾಕೆ ತಿರುಗುತ್ತದೆ

ಮೂತಿಚಕ್ರದ ವಿಮಾನದಲ್ಲಿ ಗುರುತ್ವ ಕೇಂದ್ರ ಮುಖ್ಯ ಚಕ್ರಗಳಿಗಿಂತ ಮುಂದೆ ಇರುತ್ತದೆ. ಸ್ವಲ್ಪ ಓರೆಯಾಗಿ ಇಳಿದರೂ ಹಿಂದಿರುವ ಚಕ್ರಗಳ ಘರ್ಷಣೆಯೇ ಮೂತಿಯನ್ನು ಸಾಗುತ್ತಿರುವ ದಿಕ್ಕಿಗೆ ತಂದು ನಿಲ್ಲಿಸುತ್ತದೆ. ಟೈಲ್‌ವೀಲ್ ವಿಮಾನದಲ್ಲಿ ಇದು ತಲೆಕೆಳಗು. ಗುರುತ್ವ ಕೇಂದ್ರ ಮುಖ್ಯ ಚಕ್ರಗಳ ಹಿಂದೆ. ಮೂತಿ ಎಡಕ್ಕೆ 5 ಡಿಗ್ರಿ ತಿರುಗಿದೆ, ವಿಮಾನ ಮಾತ್ರ ರನ್‌ವೇಯ ಉದ್ದಕ್ಕೇ ಸಾಗುತ್ತಿದೆ ಎಂದುಕೊಳ್ಳಿ. ಟೈರುಗಳು ಬಲಕ್ಕೆ ಜಾರುತ್ತಿರುತ್ತವೆ, ಆದ್ದರಿಂದ ನೆಲ ಅವನ್ನು ಎಡಕ್ಕೆ ತಳ್ಳುತ್ತದೆ. ಆ ತಳ್ಳು ಬೀಳುವುದು ಗುರುತ್ವ ಕೇಂದ್ರಕ್ಕಿಂತ ಮುಂದೆ. ಹಾಗಾಗಿ ಮೂತಿ ಇನ್ನೂ ಎಡಕ್ಕೆ ಹೋಗುತ್ತದೆ. ತಿರುವು ಹೆಚ್ಚಿದಷ್ಟೂ ಜಾರಿಕೆ ಹೆಚ್ಚು, ಜಾರಿಕೆ ಹೆಚ್ಚಿದಷ್ಟೂ ತಳ್ಳು ಹೆಚ್ಚು.

ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿ ರಿವರ್ಸ್ ತೆಗೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂದೆ ಓಡಿಸುವಾಗ ಟ್ರೇಲರ್ ತಾನಾಗಿ ನೇರವಾಗುತ್ತದೆ. ಹಿಂದಕ್ಕೆ ತಳ್ಳುವಾಗ ಒಂದು ಕಡೆಗೆ ವಾಲಿದರೆ ಮತ್ತಷ್ಟು ವಾಲುತ್ತದೆ. ಚೂರು ವಾಲಿದಾಗಲೇ ಸ್ಟೀರಿಂಗ್ ತಿರುಗಿಸಿದರೆ ಉಳಿಯಿತು, ತಡಮಾಡಿದರೆ ಮಡಚಿಕೊಂಡಿತು. ವ್ಯತ್ಯಾಸ ಇಷ್ಟೆ: ಟ್ರೇಲರನ್ನು ನಿಲ್ಲಿಸಿ ಮುಂದೆ ತಂದು ಮತ್ತೆ ಶುರು ಮಾಡಬಹುದು. 40 ನಾಟ್ (ಗಂಟೆಗೆ ಸುಮಾರು 74 ಕಿ.ಮೀ.) ವೇಗದಲ್ಲಿರುವ ವಿಮಾನಕ್ಕೆ ಆ ಅವಕಾಶವಿಲ್ಲ.

ಈ ಮೊದಲ ಚೂರು ತಿರುವು ಹುಟ್ಟುವುದು ನಾಲ್ಕು ಕಡೆಯಿಂದ. ಓರೆಯಾಗಿ ಅಥವಾ ಪಕ್ಕಕ್ಕೆ ಜಾರುತ್ತಾ ನೆಲ ಮುಟ್ಟುವುದು ಒಂದು. ಅಡ್ಡಗಾಳಿ ಇನ್ನೊಂದು: ಬಾಲದ ಕಡೆಯ ಪಕ್ಕದ ಮೈ ದೊಡ್ಡದು, ಚಕ್ರಗಳೇ ತಿರುಗುಬಿಂದು, ಹಾಗಾಗಿ ಗಾಳಿ ಬಾಲವನ್ನು ತಳ್ಳಿ ಮೂತಿಯನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುತ್ತದೆ. ಮೂರನೆಯದು ಯಂತ್ರದ ದೋಷ: ಹಿಡಿದುಕೊಂಡ ಬ್ರೇಕ್, ಸವೆದ ಟೈಲ್‌ವೀಲ್. ನಾಲ್ಕನೆಯದು ಪೈಲಟ್ಟಿನ ಕಾಲೇ. ತಡವಾಗಿ, ಅಗತ್ಯಕ್ಕಿಂತ ಜೋರಾಗಿ ಒತ್ತಿ, ಒತ್ತಿದ ಕಾಲನ್ನು ವಾಪಸ್ ತರದೆ ಇದ್ದರೆ ಎಡಕ್ಕೆ ಹೊರಟ ಮೂತಿ ಬಲಕ್ಕೆ ಇನ್ನೂ ಜೋರಾಗಿ ಹೊರಡುತ್ತದೆ. ಗ್ರೌಂಡ್ ಲೂಪ್ ಆಗುವುದು ಬಹಳ ಸಲ ಮೊದಲ ತಿರುವಿನಲ್ಲಲ್ಲ, ಎರಡನೆಯ ಅಥವಾ ಮೂರನೆಯದರಲ್ಲಿ.

ಹ್ಯಾಂಗರಿನಲ್ಲೇ ನೋಡಬೇಕಾದ್ದು

ವಿಮಾನ ಸರಿಯಿಲ್ಲದಿದ್ದರೆ ಎಷ್ಟು ಚುರುಕು ಕಾಲಿದ್ದರೂ ಪ್ರಯೋಜನವಿಲ್ಲ. ಮೊದಲು ಟೈಲ್‌ವೀಲ್ ಹತ್ತಿರ ಕುಕ್ಕರಗಾಲಲ್ಲಿ ಕೂತು ನೋಡಿ.

ಸ್ಕಾಟ್ 3200ರಂಥ ಟೈಲ್‌ವೀಲ್‌ಗಳು ರಡ್ಡರಿನ (ಕಾಲಿನ ಪೆಡಲಿಗೆ ತಿರುಗುವ, ಬಾಲದ ನೆಟ್ಟನೆಯ ಹಲಗೆ) ಜೊತೆ ಒಂದಿಷ್ಟು ಕೋನದವರೆಗೆ ತಿರುಗುತ್ತವೆ. ಅದಕ್ಕಿಂತ ಹೆಚ್ಚು ತಳ್ಳಿದರೆ ಒಳಗಿನ ಹಿಡಿತ ಬಿಟ್ಟು ಸುತ್ತ ಸ್ವತಂತ್ರವಾಗಿ ತಿರುಗುತ್ತವೆ. ಮತ್ತೆ ನಡುವಿಗೆ ತಂದಾಗ ಹಿಡಿತ ಕೂರುತ್ತದೆ. ಒಬ್ಬರು ಬಾಲ ಎತ್ತಿ ಹಿಡಿಯಲಿ, ಇನ್ನೊಬ್ಬರು ಚಕ್ರವನ್ನು ಕೈಯಿಂದ ಎರಡೂ ಕಡೆಗೆ ತಳ್ಳಲಿ. ಎಡಕ್ಕೂ ಬಲಕ್ಕೂ ಸುಮಾರು ಒಂದೇ ಕೋನದಲ್ಲಿ ಹಿಡಿತ ಬಿಡಬೇಕು, ನಡುವಿಗೆ ಬಂದಾಗ ಗಟ್ಟಿಯಾಗಿ ಕೂರಬೇಕು. ಒಂದು ಕಡೆ ಬೇಗ ಬಿಟ್ಟುಕೊಂಡರೆ ಒಳಗಿನ ಬಿಡಿಭಾಗ ಸವೆದಿದೆ ಎಂದೇ ಅರ್ಥ. ಇಳಿದು ಓಡುತ್ತಿರುವಾಗ ಅದು ಹಾಗೆ ಬಿಟ್ಟುಕೊಂಡರೆ ಬಾಲದಡಿ ಉಳಿಯುವುದು ಕುರ್ಚಿಯ ಗಾಲಿ ಮಾತ್ರ. ರಡ್ಡರಿನಿಂದ ಟೈಲ್‌ವೀಲ್‌ಗೆ ಬರುವ ಚೈನು ಮತ್ತು ಸ್ಪ್ರಿಂಗ್ ನೋಡಿ: ಜೋತು ಬಿದ್ದಿದ್ದರೆ ಕಾಲು ಒತ್ತಿದ್ದು ಚಕ್ರಕ್ಕೆ ತಡವಾಗಿ ತಲುಪುತ್ತದೆ. ಬಿಗಿತ ಎಷ್ಟಿರಬೇಕೆಂಬುದು ಆಯಾ ವಿಮಾನದ ಕೈಪಿಡಿಯಲ್ಲಿರುತ್ತದೆ. ಅಂದಾಜಿನಲ್ಲಿ ಕೊಂಡಿ ತೆಗೆದು ಹಾಕುವುದು ಬೇಡ.

ಟೈಲ್‌ವೀಲ್‌ನ ಎಲೆ ಸ್ಪ್ರಿಂಗ್ ವರ್ಷಗಳ ಬಳಕೆಯಲ್ಲಿ ಚಪ್ಪಟೆಯಾಗುತ್ತದೆ. ಚಕ್ರ ತಿರುಗುವ ಪಿನ್ನಿನ ರೇಖೆಯನ್ನು ಕಣ್ಣಂದಾಜಿನಲ್ಲಿ ನೆಲದವರೆಗೆ ಎಳೆಯಿರಿ. ಟೈರು ನೆಲ ಮುಟ್ಟುವ ಜಾಗಕ್ಕಿಂತ ಸಾಕಷ್ಟು ಮುಂದೆ ಅದು ನೆಲ ಸೇರಬೇಕು. ಸ್ಪ್ರಿಂಗ್ ಕುಸಿದರೆ ಪಿನ್ನಿನ ಮೇಲ್ತುದಿ ಮೂತಿಯ ಕಡೆಗೆ ವಾಲಿ, ಆ ರೇಖೆ ಹಿಂದೆ ಸರಿದು ಟೈರಿನ ಹತ್ತಿರಕ್ಕೆ ಬರುತ್ತದೆ. ಆಗ ಚಕ್ರ ಥರಥರ ನಡುಗಲು ಶುರು. ಆ ಶಿಮ್ಮಿ ಇಡೀ ವಿಮಾನವನ್ನು ಅಲ್ಲಾಡಿಸುತ್ತದೆ, ಟೈಲ್‌ವೀಲ್‌ನ ಹಿಡಿತವನ್ನೂ ಬಿಡಿಸಿಬಿಡಬಹುದು.

ಮುಖ್ಯ ಟೈರು ಎರಡರಲ್ಲೂ ಗಾಳಿ ಸಮ ಇರಲಿ. ಕಡಿಮೆ ಇರುವ ಕಡೆಗೆ ವಿಮಾನ ಎಳೆಯುತ್ತದೆ. ಬ್ರೇಕನ್ನು ಒಂದೊಂದಾಗಿ ಒತ್ತಿ ನೋಡಿ. ಒಂದು ಗಟ್ಟಿ, ಇನ್ನೊಂದು ಮೆತ್ತಗೆ ಅನಿಸಿದರೆ ಪೈಪಿನಲ್ಲಿ ಗಾಳಿ ಸೇರಿದೆ ಎಂದು ಶಂಕಿಸಿ, ಮೆಕ್ಯಾನಿಕ್ ನೋಡುವವರೆಗೆ ಹಾರಬೇಡಿ.

ಚಕ್ರಗಳ ಅಲೈನ್‌ಮೆಂಟ್ ಬಗ್ಗೆ ಬಹಳ ಮಂದಿ ಯೋಚಿಸುವುದೇ ಇಲ್ಲ. ಕಾರಿನ ಮುಂದಿನ ಚಕ್ರಗಳು ಚೂರು ಒಳಮುಖವಾಗಿದ್ದರೂ ನಡೆಯುತ್ತದೆ, ಟೈಲ್‌ವೀಲ್ ವಿಮಾನಕ್ಕೆ ಅದು ಕೆಟ್ಟದ್ದು. ಮೂತಿ ಎಡಕ್ಕೆ ತಿರುಗಿದಾಗ ಭಾರ ಬಲ ಚಕ್ರದ ಮೇಲೆ ಬೀಳುತ್ತದೆ. ಆ ಬಲ ಚಕ್ರ ಒಳಮುಖವಾಗಿದ್ದರೆ ಅದು ನೋಡುತ್ತಿರುವುದೂ ಎಡಕ್ಕೇ, ಅಂದರೆ ತಿರುವಿಗೆ ಇನ್ನಷ್ಟು ಒತ್ತು. ನೇರವಾಗಿ ಅಥವಾ ಅತಿ ಸ್ವಲ್ಪ ಹೊರಮುಖವಾಗಿದ್ದರೆ ತಿರುವನ್ನು ತಡೆಯುತ್ತದೆ. ಅಳೆಯುವ ಮುಂಚೆ ವಿಮಾನವನ್ನು ಕೆಲವು ಮೀಟರ್ ಮುಂದಕ್ಕೆ ತಳ್ಳಿ. ಹಿಂದಕ್ಕೆ ತಳ್ಳಿ ನಿಲ್ಲಿಸಿದ ವಿಮಾನದಲ್ಲಿ ಕಾಲುಗಳು ಬೇರೆ ರೀತಿಯಲ್ಲಿ ಕೂತಿರುತ್ತವೆ, ಅಳತೆ ಸುಳ್ಳಾಗುತ್ತದೆ. ಎಷ್ಟೇ ಹಾರಿದರೂ ಒಂದು ವಿಮಾನ ಯಾವಾಗಲೂ ಒಂದೇ ಕಡೆಗೆ ಓಡುತ್ತದೆ ಅನಿಸಿದರೆ ನಿಮ್ಮ ಕಾಲನ್ನು ಬೈದುಕೊಳ್ಳುವ ಮುಂಚೆ ಇದನ್ನು ಅಳೆಸಿ.

ಸೀಟು, ಪಾದ, ಕಣ್ಣು

ಎಂಜಿನ್ ಶುರು ಮಾಡುವ ಮುಂಚೆ ಎರಡು ನಿಮಿಷ ಕಾಕ್‌ಪಿಟ್ಟಿನಲ್ಲಿ ಸುಮ್ಮನೆ ಕೂತಿರಿ. ವಿಮಾನ ಮೂರೂ ಚಕ್ರದ ಮೇಲೆ ನಿಂತಿರುವಾಗ ಕೌಲಿಂಗ್ (ಎಂಜಿನ್ನಿನ ಹೊದಿಕೆ) ದಿಗಂತವನ್ನು ಎಲ್ಲಿ ಮುಚ್ಚುತ್ತದೆ, ಅದರ ಎಡ ಬಲ ಅಂಚಿನಲ್ಲಿ ಎಷ್ಟು ನೆಲ ಕಾಣುತ್ತದೆ ಎಂದು ನೋಡಿಕೊಳ್ಳಿ. ಮೂರೂ ಚಕ್ರ ಒಟ್ಟಿಗೆ ಕೂರುವ ತ್ರೀ-ಪಾಯಿಂಟ್ ಲ್ಯಾಂಡಿಂಗಿನಲ್ಲಿ ನೆಲ ಮುಟ್ಟುವ ಕ್ಷಣದಲ್ಲಿ ಕಾಣಬೇಕಾದ್ದು ಇದೇ ಚಿತ್ರ. ಹಾಗೆಯೇ ಒಬ್ಬರು ಬಾಲವನ್ನು ಹಾರಾಟದ ಮಟ್ಟಕ್ಕೆ ಎತ್ತಿ ಹಿಡಿದರೆ, ಮುಖ್ಯ ಚಕ್ರಗಳು ಮಾತ್ರ ಮೊದಲು ತಾಗುವ ವೀಲ್ ಲ್ಯಾಂಡಿಂಗಿನ ಚಿತ್ರವೂ ಸಿಗುತ್ತದೆ. ಸೀಟಿನ ಎತ್ತರ, ಕೆಳಗೆ ಹಾಕಿದ ದಿಂಬು ಎಲ್ಲವೂ ಪ್ರತಿ ಸಲ ಒಂದೇ ಇರಬೇಕು. ದಿಂಬು ಬದಲಾದರೆ ಚಿತ್ರವೂ ಬದಲಾಯಿತು.

ಹಿಮ್ಮಡಿ ನೆಲದ ಮೇಲೆ, ಪಾದದ ಮುಂಭಾಗ ಪೆಡಲಿನ ಕೆಳಗಿನ ಭಾಗದಲ್ಲಿ. ಪೆಡಲಿನ ಮೇಲ್ಭಾಗದಲ್ಲಿ ಟೋ ಬ್ರೇಕ್ ಇರುವ ವಿಮಾನಗಳಲ್ಲಿ ಪಾದ ಮೇಲಿಟ್ಟು ರಡ್ಡರ್ ಒತ್ತಿದರೆ ಗೊತ್ತಿಲ್ಲದೆ ಬ್ರೇಕೂ ಬಿದ್ದಿರುತ್ತದೆ. ಪೈಪರ್ ಜೆ-3 ಕಬ್‌ನಲ್ಲಿ ಬ್ರೇಕ್ ಹಿಮ್ಮಡಿಗೆ ಸಿಗುವ ಸಣ್ಣ ಪೆಡಲು, ಅಲ್ಲಿ ಈ ತೊಂದರೆ ಕಡಿಮೆ. ದಪ್ಪ ಅಡಿಯ ಬೂಟು ಬೇಡ. ತೆಳು ಅಡಿಯ ಶೂ ಹಾಕಿದರೆ ಪೆಡಲಿನ ಒತ್ತಡ ಪಾದಕ್ಕೆ ತಿಳಿಯುತ್ತದೆ.

ಕಣ್ಣು ರನ್‌ವೇಯ ದೂರದ ತುದಿಯಲ್ಲಿ. ಮೂತಿಯ ಮುಂದಿನ ನೆಲ ನೋಡುತ್ತಿದ್ದರೆ ಮೂತಿ 10 ಡಿಗ್ರಿ ತಿರುಗುವವರೆಗೂ ಗೊತ್ತಾಗುವುದಿಲ್ಲ. ದೂರ ನೋಡುತ್ತಿದ್ದರೆ 1 ಡಿಗ್ರಿಯೂ ಕಾಣುತ್ತದೆ. ಮುಂದೆ ಏನೂ ಕಾಣದ ವಿಮಾನವಾದರೆ ರನ್‌ವೇಯ ಎರಡೂ ಅಂಚುಗಳನ್ನು ಕಡೆಗಣ್ಣಲ್ಲಿ ಹಿಡಿದಿಟ್ಟುಕೊಳ್ಳಿ. ಮೂತಿಯ ಎರಡೂ ಪಕ್ಕ ಕಾಣುವ ರನ್‌ವೇಯ ತ್ರಿಕೋನಗಳು ಸಮನಾಗಿದ್ದರೆ ಮೂತಿ ನೇರವಿದೆ.

ಗಾಳಿಯ ಲೆಕ್ಕ

ರನ್‌ವೇಗೂ ಗಾಳಿಗೂ ನಡುವಿನ ಕೋನ 30 ಡಿಗ್ರಿ ಇದ್ದರೆ ಗಾಳಿಯ ಅರ್ಧ ಅಡ್ಡಗಾಳಿ. 45 ಇದ್ದರೆ ಸುಮಾರು ಮುಕ್ಕಾಲು. 60 ದಾಟಿದರೆ ಬಹುತೇಕ ಪೂರ್ತಿ ಎಂದೇ ಲೆಕ್ಕ ಹಿಡಿಯಿರಿ. ರನ್‌ವೇ 09 (ಅಂದರೆ 90 ಡಿಗ್ರಿ ದಿಕ್ಕಿನದು), ಗಾಳಿ 130 ಡಿಗ್ರಿಯಿಂದ 14 ನಾಟ್ ಎಂದರೆ ಕೋನ 40, ಅಡ್ಡಗಾಳಿ ಸುಮಾರು 9 ನಾಟ್. ಹೊಸಬರಿಗೆ ಇಷ್ಟು ಸಾಕಷ್ಟು ದೊಡ್ಡದೇ.

ಹಿಂದಿನಿಂದ ಬರುವ ಗಾಳಿ ಸಣ್ಣದಿದ್ದರೂ ಅದನ್ನು ಲಘುವಾಗಿ ತೆಗೆದುಕೊಳ್ಳಬೇಡಿ. 8 ನಾಟ್ ಹಿಂಗಾಳಿಯಲ್ಲಿ ಇಳಿದರೆ ವಿಮಾನ ನೆಲದ ಮೇಲೆ 8 ನಾಟ್ ವೇಗಕ್ಕೆ ಬಂದಾಗ ರಡ್ಡರಿನ ಮೇಲೆ ಬೀಸುವ ಗಾಳಿ ಸೊನ್ನೆ. 15 ನಾಟ್ ಇರುವಾಗಲೂ ರಡ್ಡರಿಗೆ ಸಿಗುವುದು 7 ನಾಟ್ ಮಾತ್ರ. ವಿಮಾನ ಓಡುತ್ತಿದೆ, ರಡ್ಡರ್ ಸತ್ತಿದೆ. ಇಳಿಯುವ ಮುಂಚೆ ಹಾಕುವ ಸುತ್ತು ದೊಡ್ಡದಾದರೂ ಪರವಾಗಿಲ್ಲ, ಎದುರುಗಾಳಿಯ ರನ್‌ವೇಗೇ ಹೋಗಿ.

ಹುಲ್ಲಿನ ನೆಲ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. ಹುಲ್ಲಿನ ಮೇಲೆ ಟೈರು ಪಕ್ಕಕ್ಕೆ ಸ್ವಲ್ಪ ಜಾರಿಕೊಳ್ಳುತ್ತದೆ, ಹಾಗಾಗಿ ಮೂತಿ ತಿರುಗಿಸುವ ಬಲ ಕಡಿಮೆ. ಒಣ ಡಾಂಬರು ಟೈರನ್ನು ಕಚ್ಚಿ ಹಿಡಿಯುತ್ತದೆ. ಟೈಗರ್ ಮಾತ್‌ನಂಥ, ಬ್ರೇಕ್ ಇಲ್ಲದ, ಬಾಲದಡಿ ಚಕ್ರದ ಬದಲು ಬರೀ ಸ್ಕಿಡ್ (ನೆಲಕ್ಕೆ ಉಜ್ಜುವ ಪಟ್ಟಿ) ಇದ್ದ ವಿಮಾನಗಳು ಹುಲ್ಲಿನ ಮೈದಾನಕ್ಕೆಂದೇ ಹುಟ್ಟಿದವು.

ಇಳಿಯುವುದು

ವೇಗ ಹೆಚ್ಚಾಗುವುದೇ ಅರ್ಧ ತೊಂದರೆಯ ಮೂಲ. ಅಪ್ರೋಚ್ ವೇಗ, ಅಂದರೆ ರನ್‌ವೇಯತ್ತ ಇಳಿದು ಬರುವ ವೇಗ, ಸ್ಟಾಲ್ ವೇಗದ (ಅದಕ್ಕಿಂತ ಕಡಿಮೆಯಾದರೆ ರೆಕ್ಕೆ ವಿಮಾನವನ್ನು ಹೊರಲಾರದು) 1.3 ಪಟ್ಟು. ಜೆ-3 ಕಬ್‌ನ ಸ್ಟಾಲ್ ಗಂಟೆಗೆ 38 ಮೈಲಿ ಎಂದಿಟ್ಟುಕೊಂಡರೆ ಇದು ಸುಮಾರು 50. ಭದ್ರತೆಗೆ ಇರಲಿ ಎಂದು 60ರಲ್ಲಿ ಬಂದರೆ ವಿಮಾನದಲ್ಲಿರುವ ಶಕ್ತಿ ಶೇ. 44 ಹೆಚ್ಚು. ಅಷ್ಟೂ ರನ್‌ವೇಯ ಮೇಲೆ ಕರಗಬೇಕು, ಅಷ್ಟು ಹೊತ್ತೂ ಕಾಲು ಕುಣಿಯುತ್ತಿರಬೇಕು. ಗಾಳಿ ಹೊಡೆತ ಹೊಡೆತವಾಗಿ ಬರುತ್ತಿದ್ದರೆ ಮಾತ್ರ ಹೊಡೆತದ ವ್ಯತ್ಯಾಸದ ಅರ್ಧವನ್ನು ಸೇರಿಸಿ: ಗಾಳಿ 10, ಹೊಡೆತ 16 ಇದ್ದರೆ 3 ನಾಟ್.

ಅಡ್ಡಗಾಳಿಯಲ್ಲಿ ಗಾಳಿ ಬರುವ ಕಡೆಯ ರೆಕ್ಕೆ ತಗ್ಗಿಸಿ, ಎದುರು ಕಾಲಿನಿಂದ ಮೂತಿ ನೇರ ಮಾಡಿ. ಕೈಕಾಲಿನ ಕೆಲಸವನ್ನು ಬೇರೆ ಬೇರೆ ಇಟ್ಟುಕೊಳ್ಳಿ: ಪಕ್ಕದ ಜಾರಿಕೆಗೆ ಏಲೆರಾನ್ (ರೆಕ್ಕೆಯ ಹಿಂದಂಚಿನಲ್ಲಿ ಮೇಲೆ ಕೆಳಗೆ ಆಡುವ ಹಲಗೆ), ಮೂತಿಗೆ ರಡ್ಡರ್. ನಡುಗೆರೆಯಿಂದ ಸರಿಯುತ್ತಿದ್ದೀರಿ ಎಂದರೆ ಕೈ ಬದಲಿಸಿ, ಮೂತಿ ಓರೆ ಎಂದರೆ ಕಾಲು ಬದಲಿಸಿ. ಫೈನಲ್‌ನಲ್ಲಿ, ಅಂದರೆ ರನ್‌ವೇಗೆ ನೇರವಾಗಿ ಬರುವ ಕೊನೆಯ ಹಾದಿಯಲ್ಲಿ, ರಡ್ಡರ್ ಪೂರ್ತಿ ಒತ್ತಿದರೂ ಮೂತಿ ನೇರವಾಗದಿದ್ದರೆ ಈ ಗಾಳಿ ಈ ವಿಮಾನಕ್ಕೆ ಹೆಚ್ಚಾಯಿತು ಎಂದು ವಿಮಾನವೇ ಹೇಳುತ್ತಿದೆ. ಎದ್ದು ಬೇರೆ ರನ್‌ವೇಗೆ ಹೋಗಿ.

ತ್ರೀ-ಪಾಯಿಂಟ್‌ನಲ್ಲಿ ನೆಲದಿಂದ ಅರ್ಧ ಮೀಟರ್ ಒಳಗೆ ಬಂದ ಮೇಲೆ ಥ್ರಾಟಲ್ (ಎಂಜಿನ್ ಶಕ್ತಿಯ ಹಿಡಿ) ಪೂರ್ತಿ ಹಿಂದೆ, ವಿಮಾನ ಕುಸಿಯುತ್ತಿದೆ ಅನಿಸಿದಷ್ಟೇ ಸ್ಟಿಕ್ (ಕೈಯಲ್ಲಿ ಹಿಡಿಯುವ ನಿಯಂತ್ರಣದ ಕೋಲು) ಹಿಂದೆ. ಇಳಿಯಲು ಬಿಡದಂತೆ ಹಿಡಿದಿಟ್ಟುಕೊಳ್ಳುತ್ತಾ ಹೋದರೆ ಸ್ಟಿಕ್ ಹೊಟ್ಟೆಗೆ ತಾಗುವ ಹೊತ್ತಿಗೆ ಮೂರು ಚಕ್ರವೂ ಒಟ್ಟಿಗೆ ಕೂರುತ್ತವೆ. ಅಡ್ಡಗಾಳಿಯಿದ್ದರೆ ಗಾಳಿ ಕಡೆಯ ಮುಖ್ಯ ಚಕ್ರವೂ ಟೈಲ್‌ವೀಲೂ ಮೊದಲು, ಇನ್ನೊಂದು ಚಕ್ರ ಆಮೇಲೆ. ಮುಖ್ಯ ಚಕ್ರ ಬೇಗ ತಾಗಿದರೆ ಬಾಲ ಕೆಳಗೆ ಬೀಳುತ್ತದೆ, ರೆಕ್ಕೆಯ ಕೋನ ಹೆಚ್ಚಾಗಿ ವಿಮಾನ ಮತ್ತೆ ಮೇಲೇಳುತ್ತದೆ. ಬೌನ್ಸ್ ಎನ್ನುವುದರಲ್ಲಿ ಹೆಚ್ಚಿನದು ಸ್ಪ್ರಿಂಗಿನ ಕೆಲಸವಲ್ಲ, ಇದೇ.

ವೀಲ್ ಲ್ಯಾಂಡಿಂಗಿನಲ್ಲಿ ಬಾಲ ಚೂರೇ ತಗ್ಗಿದ ಸ್ಥಿತಿಯಲ್ಲಿ, ಇಳಿಯುವ ವೇಗ ಹೆಚ್ಚುಕಡಿಮೆ ಸೊನ್ನೆಯಾಗಿರುವಾಗ ಮುಖ್ಯ ಚಕ್ರಗಳನ್ನು ನೆಲಕ್ಕೆ ಉಜ್ಜಿಸಿ. ತಾಗಿದ್ದು ಪಾದಕ್ಕೆ ತಿಳಿದ ಕೂಡಲೇ ಸ್ಟಿಕ್ ಒಂದೆರಡು ಸೆಂಟಿಮೀಟರ್ ಮುಂದೆ. ತಾಗುವ ಮುಂಚೆ ಮುಂದೆ ತಳ್ಳಬೇಡಿ, ಹಾಗೆ ತಳ್ಳಿದವರಿಂದಲೇ ಪ್ರೊಪೆಲ್ಲರ್ ನೆಲಕ್ಕೆ ಬಡಿಯುವುದು. ಬಾಲ ಎತ್ತಿರುವವರೆಗೂ ಮುಂದೆ ಚೆನ್ನಾಗಿ ಕಾಣುತ್ತದೆ, ರಡ್ಡರೂ ಚುರುಕಾಗಿರುತ್ತದೆ. ಆ ಸುಖದಲ್ಲಿ ಬಾಲವನ್ನು ಕೊನೆಯವರೆಗೆ ಎತ್ತಿ ಹಿಡಿಯುವುದು ದೊಡ್ಡ ತಪ್ಪು. ಬಾಲವನ್ನು ಎತ್ತಿ ಇಳಿಸುವ ಎಲಿವೇಟರಿಗೆ ಶಕ್ತಿ ಇರುವಾಗಲೇ ಬಾಲವನ್ನು ಇಳಿಸಿ, ಕೂತ ತಕ್ಷಣ ಸ್ಟಿಕ್ ಪೂರ್ತಿ ಹಿಂದೆ. ತಾನಾಗಿ ಬೀಳಲು ಬಿಟ್ಟರೆ ರಡ್ಡರೂ ಸೋತಿರುತ್ತದೆ, ಟೈಲ್‌ವೀಲೂ ಇನ್ನೂ ನೆಲ ಹಿಡಿದಿರುವುದಿಲ್ಲ. ಕಾಕ್‌ಪಿಟ್ಟಿನಿಂದ ನೋಡಿದರೆ ಪ್ರೊಪೆಲ್ಲರ್ ಗಡಿಯಾರದ ಮುಳ್ಳಿನಂತೆ ಸುತ್ತುವ ವಿಮಾನಗಳಲ್ಲಿ ಬಾಲ ಇಳಿಯುವಾಗ ಮೂತಿಗೆ ಬಲಕ್ಕೊಂದು ಸಣ್ಣ ತಳ್ಳು ಸಿಗುತ್ತದೆ, ಎಡಗಾಲು ಅದಕ್ಕೆ ಸಿದ್ಧವಿರಲಿ.

ಯಾವುದು ಒಳ್ಳೆಯದು ಎಂಬ ವಾದ ಹಳೆಯದು. ಕಲಿಯುವವರು ತ್ರೀ-ಪಾಯಿಂಟ್ ಮೊದಲು ಕಲಿಯುವುದೇ ಸರಿ. ನೆಲ ಮುಟ್ಟುವಾಗ ವೇಗ ಕಡಿಮೆ, ಟೈಲ್‌ವೀಲ್ ಆಗಲೇ ಕೆಲಸಕ್ಕಿಳಿದಿರುತ್ತದೆ.

ನೆಲದ ಓಟ

ಚಕ್ರ ತಾಗಿದಾಗ ಉಸಿರು ಬಿಟ್ಟು ಸಡಿಲವಾಗುವುದು ಮೂತಿಚಕ್ರದ ವಿಮಾನ ಕಲಿಸಿದ ಅಭ್ಯಾಸ. ಇಲ್ಲಿ ಕೆಲಸ ಶುರುವಾಗುವುದೇ ಆಗ.

ಸ್ಟಿಕ್ ಹೊಟ್ಟೆಗೆ ಒತ್ತಿ ಹಿಡಿದಿರಲಿ. ಟೈಲ್‌ವೀಲ್ ನೆಲಕ್ಕೆ ಒತ್ತಿಕೊಂಡಷ್ಟು ಸ್ಟೀರಿಂಗ್ ಸಿಗುತ್ತದೆ. ಕೈ ಅರಿವಿಲ್ಲದೆ ಎರಡು ಬೆರಳಷ್ಟು ಮುಂದೆ ಸರಿದರೂ ಬಾಲ ಹಗುರವಾಗಿ ಅಲೆಯಲು ಶುರು ಮಾಡುತ್ತದೆ. ವೇಗ ಇಳಿದಷ್ಟೂ ಏಲೆರಾನಿನ ಬಲ ಕುಗ್ಗುತ್ತದೆ, ಆದ್ದರಿಂದ ಸ್ಟಿಕ್ಕನ್ನು ಗಾಳಿಯ ಕಡೆಗೆ ಹೆಚ್ಚಿಸುತ್ತಾ ಹೋಗಿ. ವಿಮಾನ ನಿಲ್ಲುವ ಹೊತ್ತಿಗೆ ಅದು ಹಿಂದಿನ ಮೂಲೆಯಲ್ಲಿ, ಗಾಳಿ ಕಡೆಗೆ ಪೂರ್ತಿ ಒತ್ತಿರಬೇಕು. ನೆಲ ಮುಟ್ಟಿದ ಕೂಡಲೇ ಏಲೆರಾನ್ ನಡುವಿಗೆ ತರುವವರು ಬಹಳ ಮಂದಿ, ಗಾಳಿ ಕಡೆಯ ರೆಕ್ಕೆ ಎದ್ದು ಬರುವುದೂ ಆಗಲೇ.

ಕಾಲು ಸುಮ್ಮನಿರಬಾರದು. ಒತ್ತು, ಬಿಡು, ಇನ್ನೊಂದು ಕಾಲು ಚೂರು, ಬಿಡು. ಮೂತಿ ಎಡಕ್ಕೆ ಹೊರಟಿತು ಎಂದರೆ ಬಲಗಾಲಿನಿಂದ ಚುಟುಕಾಗಿ ಒತ್ತಿ. ಮೂತಿ ನಡುವಿಗೆ ಬರುವವರೆಗೆ ಕಾಯಬೇಡಿ. ತಿರುವು ನಿಂತ ಕ್ಷಣದಲ್ಲೇ ಕಾಲು ವಾಪಸ್, ಮೂತಿ ಬಲಕ್ಕೆ ಬರತೊಡಗಿದ ಕೂಡಲೇ ಎಡಗಾಲಿನಿಂದ ಅದನ್ನು ನಿಲ್ಲಿಸುವ ಒಂದು ಸಣ್ಣ ಒತ್ತು. ಈ ಎರಡನೆಯ ಒತ್ತನ್ನು ಮರೆಯುವುದರಿಂದಲೇ ಹಾವಿನಂತೆ ಅತ್ತಿತ್ತ ಓಡುವ ಲ್ಯಾಂಡಿಂಗ್‌ಗಳು ಹುಟ್ಟುವುದು. ಮೂತಿ ನಡುಗೆರೆಯಿಂದ ಎರಡು ಅಡಿ ಪಕ್ಕಕ್ಕಿದ್ದು ನೇರ ಓಡುತ್ತಿದ್ದರೆ ಹಾಗೇ ಓಡಲಿ. ಗೆರೆಗೆ ವಾಪಸ್ ತರುವ ಆಸೆಗೆ ಬಿದ್ದು ವಿಮಾನವನ್ನು ತಿರುಗಿಸಬೇಡಿ.

ವೇಗ ಇಳಿಯುತ್ತಾ ಬಂದಂತೆ ಒತ್ತು ದೊಡ್ಡದಾಗಬೇಕು. ಮೊದಲ ನೂರು ಮೀಟರಿನಲ್ಲಿ ಬೆರಳಿನ ಅಗಲದಷ್ಟು ಸಾಕಾಗಿದ್ದ ಕಾಲು ಓಟದ ಕೊನೆಯ ಭಾಗದಲ್ಲಿ ಪೆಡಲಿನ ತುದಿಯವರೆಗೂ ಹೋಗಬೇಕಾದೀತು. ಗಾಳಿ ರಡ್ಡರನ್ನು ಬಿಟ್ಟು, ಟೈಲ್‌ವೀಲ್ ಇನ್ನೂ ಪೂರ್ತಿ ಹಿಡಿತಕ್ಕೆ ಬರದ ಈ ನಡುವಿನ ಹೊತ್ತೇ ಅತಿ ಅಪಾಯದ್ದು. ಪೈಲಟ್ ‘ಇನ್ನೇನು ಆಯಿತು’ ಎಂದುಕೊಳ್ಳುವುದೂ ಇದೇ ಹೊತ್ತಿಗೆ. ಫ್ಲ್ಯಾಪ್ ಎತ್ತುವುದು, ರೇಡಿಯೋ ಬದಲಿಸುವುದು, ಟ್ರಿಮ್ ಸರಿಪಡಿಸುವುದು ಯಾವುದೂ ಈಗ ಬೇಡ. ನಿಂತ ಮೇಲೆ ಮಾಡಿ. ಟವರ್ ಕರೆದರೂ ಉತ್ತರ ಆಮೇಲೆ.

ಬ್ರೇಕ್ ಬೇಕಾದರೆ ಓಟದ ಕೊನೆಯಲ್ಲಿ, ಎರಡೂ ಸಮವಾಗಿ, ಹಗುರವಾಗಿ. ವೇಗದಲ್ಲಿ ಜೋರಾಗಿ ಒತ್ತಿದರೆ ಬಾಲ ಎದ್ದು ವಿಮಾನ ಮೂತಿಯ ಮೇಲೆ ನಿಲ್ಲುತ್ತದೆ.

ತಿರುಗಿಯೇ ಬಿಟ್ಟರೆ

ಮೂತಿ ಎಡಕ್ಕೆ ಜೋರಾಗಿ ಹೊರಟಿತು ಎಂದುಕೊಳ್ಳಿ. ಕ್ರಮ ಇದು:

1. ಬಲಗಾಲು ತಡವಿಲ್ಲದೆ ಪೆಡಲಿನ ತುದಿಯವರೆಗೆ. ಇಲ್ಲಿ ಅರ್ಧ ಒತ್ತಿ ನೋಡುವ ಸಮಯವಿಲ್ಲ.
2. ಅದೇ ಹೊತ್ತಿಗೆ ಸ್ಟಿಕ್ ಪೂರ್ತಿ ಹಿಂದೆ ಮತ್ತು ಎಡಕ್ಕೆ, ಅಂದರೆ ತಿರುವಿನ ಕಡೆಗೇ. ಹೊರಗಡೆಯ ಬಲ ರೆಕ್ಕೆ ನೆಲಕ್ಕೆ ವಾಲದಂತೆ ಅದು ಎತ್ತುತ್ತದೆ. ಕೆಳಗಿಳಿದ ಬಲ ಏಲೆರಾನಿನ ಎಳೆತವೂ ಮೂತಿಯನ್ನು ಬಲಕ್ಕೇ ಎಳೆಯುತ್ತದೆ.
3. ಸಾಲದಿದ್ದರೆ ಬಲ ಬ್ರೇಕನ್ನು ಚುಚ್ಚಿ ಚುಚ್ಚಿ ಒತ್ತಿ. ಒತ್ತಿ ಹಿಡಿದರೆ ಟೈರು ಲಾಕ್ ಆಗಿ ಜಾರುತ್ತದೆ, ಹಿಡಿತ ಇನ್ನೂ ಹೋಗುತ್ತದೆ.
4. ತಿರುವು ನಿಂತ ಕೂಡಲೇ ಎಲ್ಲವನ್ನೂ ಬಿಡಿಸಿ. ಪೂರ್ತಿ ಬಲಗಾಲನ್ನು ಹಾಗೇ ಇಟ್ಟರೆ ಬಲಕ್ಕೆ ಗ್ರೌಂಡ್ ಲೂಪ್ ಖಚಿತ.

ಥ್ರಾಟಲ್ ಬಗ್ಗೆ ಯೋಚಿಸಿ ನಡೆಯಬೇಕು. ಎಂಜಿನ್ ಶಕ್ತಿ ಒಂದು ಕ್ಷಣ ಕೊಟ್ಟರೆ ಪ್ರೊಪೆಲ್ಲರಿನ ಗಾಳಿ ರಡ್ಡರಿಗೆ ಜೀವ ಕೊಡುತ್ತದೆ. ಆದರೆ ಗಡಿಯಾರದಂತೆ ಸುತ್ತುವ ಪ್ರೊಪೆಲ್ಲರ್ ಮೂತಿಯನ್ನು ಎಡಕ್ಕೂ ತಳ್ಳುತ್ತದೆ, ಹಾಗಾಗಿ ಎಡದ ತಿರುವಿನಲ್ಲಿ ಅದು ಅರ್ಧ ಸಹಾಯ, ಅರ್ಧ ಕೇಡು. ಟೈಗರ್ ಮಾತ್‌ನ ಜಿಪ್ಸಿ ಮೇಜರ್ ಎಂಜಿನ್ ವಿರುದ್ಧ ದಿಕ್ಕಿಗೆ ಸುತ್ತುತ್ತದೆ, ಅಲ್ಲಿ ಲೆಕ್ಕವೂ ಉಲ್ಟಾ. ಮೂತಿ ಇನ್ನೂ ರನ್‌ವೇಯ ಒಳಗೇ ನೋಡುತ್ತಿದ್ದು, ರೆಕ್ಕೆಗಳು ಸಮವಿದ್ದು, ಮುಂದೆ ಉದ್ದವಿದ್ದರೆ ಪೂರ್ತಿ ಥ್ರಾಟಲ್ ಕೊಟ್ಟು ಗೋ-ಅರೌಂಡ್ (ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವುದು) ಮಾಡುವುದು ಒಳ್ಳೆಯ ನಿರ್ಧಾರ. ಮೂತಿ ಆಗಲೇ ರನ್‌ವೇ ದೀಪಗಳ ಆಚೆ ನೋಡುತ್ತಿದ್ದರೆ ಶಕ್ತಿ ಕೊಡುವುದು ಅದೇ ಅಪಘಾತವನ್ನು ಹೆಚ್ಚು ವೇಗದಲ್ಲಿ ಮಾಡಿಕೊಂಡಂತೆ. ಆಗ ಥ್ರಾಟಲ್ ಮುಚ್ಚಿ, ಸ್ಟಿಕ್ ಹಿಂದೆಯೇ ಇಟ್ಟು, ಹೊರಗಡೆಯ ರೆಕ್ಕೆಯನ್ನು ಎತ್ತಿ ಹಿಡಿದು ವಿಮಾನ ಸುತ್ತಿ ನಿಲ್ಲಲು ಬಿಡಿ. ನಿಂತ ಮೇಲೆ ಮಿಕ್ಸ್ಚರ್ (ಇಂಧನ-ಗಾಳಿ ಮಿಶ್ರಣದ ಹಿಡಿ) ಇರುವ ವಿಮಾನವಾದರೆ ಅದನ್ನು ಎಳೆದು, ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋ ಮತ್ತು ಇಂಧನ ಬಂದ್ ಮಾಡಿ ಇಳಿಯಿರಿ. ಹೊರಗಿನಿಂದ ಏನೂ ಆಗಿಲ್ಲ ಅನಿಸಿದರೂ ಗೇರ್ ವಿಮಾನದ ಒಡಲಿಗೆ ಸೇರುವ ಜಾಗ, ರೆಕ್ಕೆಯ ಸ್ಪಾರ್ (ಒಳಗಿನ ತೊಲೆ), ಚಕ್ರಗಳ ಅಲೈನ್‌ಮೆಂಟ್ ಇವನ್ನು ಎಂಜಿನಿಯರ್ ನೋಡುವವರೆಗೆ ಆ ವಿಮಾನ ಮತ್ತೆ ಹಾರಬಾರದು.

ಬೌನ್ಸ್ ಆದರೆ ಸ್ಟಿಕ್ ಮುಂದೆ ತಳ್ಳಿ ಅಟ್ಟಿಸಿಕೊಂಡು ಹೋಗಬೇಡಿ. ಒಂದು ಅಡಿ ಎದ್ದರೆ ಮೂತಿಯ ಸ್ಥಿತಿ ಹಿಡಿದಿಟ್ಟು, ಚೂರು ಶಕ್ತಿ ಕೊಟ್ಟು ಮತ್ತೆ ತ್ರೀ-ಪಾಯಿಂಟ್‌ಗೆ ಕೂರಿಸಿ. ಅದಕ್ಕಿಂತ ಹೆಚ್ಚು ಎದ್ದರೆ ಗೋ-ಅರೌಂಡ್. ಗಾಳಿಯಲ್ಲಿರುವ ಆ ಒಂದೆರಡು ಸೆಕೆಂಡಿನಲ್ಲಿ ವಿಮಾನ ಪಕ್ಕಕ್ಕೆ ಜಾರುತ್ತದೆ, ಎರಡನೆಯ ಸಲ ತಾಗುವುದು ಓರೆಯಾಗಿ.

ಅಭ್ಯಾಸದ ಕ್ರಮ

ಮೊದಲು ಟ್ಯಾಕ್ಸಿ, ಅಂದರೆ ನೆಲದ ಮೇಲೆ ಓಡಿಸುವುದು. ನಡೆಯುವ ವೇಗದಲ್ಲಿ ಎಸ್ ಆಕಾರದಲ್ಲಿ ಓಡಿಸಿ, ಪ್ರತಿ ತಿರುವನ್ನು ಶುರು ಮಾಡಲು ಒಂದು ಕಾಲು, ನಿಲ್ಲಿಸಲು ಇನ್ನೊಂದು ಕಾಲು ಎಂಬುದು ಮೈಗೆ ಹತ್ತುವವರೆಗೆ. ಆಮೇಲೆ ಗಾಳಿ ಇಲ್ಲದ ಬೆಳಗ್ಗೆ ಇನ್‌ಸ್ಟ್ರಕ್ಟರ್ ಜೊತೆ ಬಾಲ ಎತ್ತಿ ಓಡಿ, ಮತ್ತೆ ಇಳಿಸಿ. ನಂತರ ತ್ರೀ-ಪಾಯಿಂಟ್, ಅದು ಕೂತ ಮೇಲೆ ವೀಲ್ ಲ್ಯಾಂಡಿಂಗ್. ಪ್ರತಿ ಸಲವೂ ಪೂರ್ತಿ ನಿಲ್ಲಿಸಿ. ಚಕ್ರ ತಾಗಿಸಿ ನಿಲ್ಲದೆ ಮತ್ತೆ ಏರುವ ಟಚ್ ಅಂಡ್ ಗೋ ಮಾಡುತ್ತಾ ಹೋದರೆ ಓಟದ ಕೊನೆಯ, ಅತಿ ಕಷ್ಟದ ಭಾಗ ಅಭ್ಯಾಸವಾಗುವುದೇ ಇಲ್ಲ.

ಅಡ್ಡಗಾಳಿಗೆ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ: 5ರಿಂದ 8 ನಾಟ್ ಅಡ್ಡಗಾಳಿಯಲ್ಲಿ ರನ್‌ವೇಯ ಮೇಲೆ ಎರಡು ಮೂರು ಮೀಟರ್ ಎತ್ತರದಲ್ಲಿ, ಗಾಳಿ ಕಡೆಯ ರೆಕ್ಕೆ ತಗ್ಗಿಸಿ, ಮೂತಿ ನೇರ ಇಟ್ಟು, ಇಳಿಯದೆ ಉದ್ದಕ್ಕೂ ಹಾರಿ ಎದ್ದುಬಿಡಿ. ಒಂದು ಲ್ಯಾಂಡಿಂಗಿನಲ್ಲಿ ಮೂರು ಸೆಕೆಂಡು ಸಿಗುವ ಅನುಭವ ಇಲ್ಲಿ ಇಪ್ಪತ್ತು ಸೆಕೆಂಡು ಸಿಗುತ್ತದೆ. ಎಡಗಡೆಯ ಗಾಳಿಯಲ್ಲೂ ಬಲಗಡೆಯ ಗಾಳಿಯಲ್ಲೂ ಮಾಡಿ. ಎಲ್ಲರಿಗೂ ಒಂದು ಕಡೆ ಕಷ್ಟವಿರುತ್ತದೆ.

ಅಮೆರಿಕದಲ್ಲಿ ಹಾರಾಟ ಕಲಿಯುತ್ತಿರುವ ಕನ್ನಡಿಗರಿಗೆ ಒಂದು ಮಾತು: ಅಲ್ಲಿನ ವಿಮಾನಯಾನ ಆಡಳಿತ ಎಫ್‌ಎಎಯ ನಿಯಮ 61.31ರ ಪ್ರಕಾರ ಟೈಲ್‌ವೀಲ್ ವಿಮಾನದ ಪೈಲಟ್ ಇನ್ ಕಮಾಂಡ್ (ಹಾರಾಟದ ಹೊಣೆ ಹೊತ್ತ ಪೈಲಟ್) ಆಗಲು ಲಾಗ್‌ಬುಕ್‌ನಲ್ಲಿ ಇನ್‌ಸ್ಟ್ರಕ್ಟರ್ ಸಹಿ ಬೇಕು. ಸಾಮಾನ್ಯ ಮತ್ತು ಅಡ್ಡಗಾಳಿಯ ಟೇಕಾಫ್, ಲ್ಯಾಂಡಿಂಗ್, ತಯಾರಕರು ಬೇಡವೆಂದಿಲ್ಲದಿದ್ದರೆ ವೀಲ್ ಲ್ಯಾಂಡಿಂಗ್, ಜೊತೆಗೆ ಗೋ-ಅರೌಂಡ್ ಇವು ಅದರಲ್ಲಿ ಕಡ್ಡಾಯ. ಇಷ್ಟೇ ಗಂಟೆ ಎಂದು ನಿಯಮ ಹೇಳುವುದಿಲ್ಲ. ಗಂಟೆ ಎಣಿಸುವ ಬದಲು ಎರಡೂ ಕಡೆಯ ಅಡ್ಡಗಾಳಿ ಸಿಗುವವರೆಗೆ ಸಹಿ ಮುಂದೂಡಿ ಎಂದು ನೀವೇ ಕೇಳಿ.

ರನ್‌ವೇ ಬಿಟ್ಟ ಮೇಲೂ ಸ್ಟಿಕ್ ಗಾಳಿಯನ್ನು ಹಿಂಬಾಲಿಸಬೇಕು. ಗಾಳಿ ಮುಂದಿನಿಂದ ಇದ್ದರೆ ಸ್ಟಿಕ್ ಹಿಂದೆ, ಗಾಳಿಯ ಕಡೆಗೆ. ಹಿಂದಿನಿಂದ ಜೋರಾಗಿ ಬೀಸುತ್ತಿದ್ದರೆ ಮುಂದೆ, ಗಾಳಿಯಿಂದ ಆಚೆಗೆ. ಟ್ಯಾಕ್ಸಿವೇ ತಿರುವಿನಲ್ಲಿ ಗಾಳಿಯ ದಿಕ್ಕು ಬದಲಾಗುತ್ತದೆ, ಅಲ್ಲಿ ಕೈಯೂ ಬದಲಾಗಲಿ. ಮೂತಿಯನ್ನು ಗಾಳಿಗೆ ಮುಖಮಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಚಕ್ರಗಳು ಉರುಳದಂತೆ ಚಾಕ್ ಇಟ್ಟು, ಸ್ಟಿಕ್ಕನ್ನು ಹಿಂದಕ್ಕೆ ಎಳೆದು ಸೀಟ್ ಬೆಲ್ಟಿನಿಂದ ಬಿಗಿದು ಕಟ್ಟಿ, ರೆಕ್ಕೆಗಳಿಗೂ ಬಾಲಕ್ಕೂ ಹಗ್ಗ ಹಾಕಿ.